ಯಾವ ಪ್ರತಿಯೊಡನೆ ಹೋಲಿಸುವುದು?

ನನ್ನ ಹಿರಿಯಣ್ಣನವರು 2023ರ ಕಾರ್ತಿಕ ಮಾಸದಲ್ಲಿ ಲಿಂಗೈಕ್ಯರಾದರು. ಆಗ ಅವರಿಗೆ ಎಪ್ಪತ್ತು ವರ್ಷ. ಗರಗದ ಕಡೆಯ ನಮ್ಮ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾಗಿ, ಪಿತ್ರಾರ್ಜಿತವಾದ ಎಂಟು ಎಕರೆ ಎರೆಭೂಮಿಯನ್ನು ನೋಡಿಕೊಂಡು ಇದ್ದವರು. ಅವರನ್ನು ಕರೆದೊಯ್ದದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ಬೆಳೆದು, ವ್ಯಾಕರಣ, ಕಾವ್ಯ, ಓಲೆಗರಿಗಳ ಮಧ್ಯೆ ಆಯುಷ್ಯದ ಬಹುಭಾಗವನ್ನು ಕಳೆದ ನಾನು ಆ ಗ್ರಂಥಿಯ ಹೆಸರನ್ನು ಅರವತ್ತು ದಾಟುವವರೆಗೆ ಒಮ್ಮೆಯೂ ಉಚ್ಚರಿಸಿದವನಲ್ಲ. ವೈದ್ಯವಿಷಯದಲ್ಲಿ ಲೇಖನಿ ಹಿಡಿಯುವ ಅಧಿಕಾರ ನನಗಿಲ್ಲವೆಂಬ ಅರಿವು ಇದ್ದೇ ಈ ಮಾತುಗಳನ್ನು ಓದುಗ ಬಂಧುಗಳ ಮುಂದೆ ಇರಿಸುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪಿನ ನಿವೇದನೆಯೂ ಉಂಟು. ಅದನ್ನು ಮೊದಲು ಹೇಳಿ ಮುಗಿಸುವೆ.

2021ರ ಬೇಸಿಗೆಯಲ್ಲಿ ಅಣ್ಣನವರಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ನಮ್ಮ ವಂಶದಲ್ಲಿ ಯಾರಿಗೂ ಇದ್ದುದಲ್ಲ. ಆದರೆ ಇಂದು ಸಕ್ಕರೆ ಯಾರ ಮನೆಯಲ್ಲಿ ಇಲ್ಲ? ಗುಳಿಗೆ ಆರಂಭವಾಯಿತು. ವೈನಿಯವರು ಅನ್ನ ಬಿಡಿಸಿ ರೊಟ್ಟಿ, ಪಲ್ಯ, ಮುಂಜಾನೆ ನೆನೆಸಿದ ಮೆಂತೆ ಎಂದು ಪಥ್ಯ ಮಾಡತೊಡಗಿದರು. ಕೆಲವೇ ತಿಂಗಳುಗಳಲ್ಲಿ ಅಣ್ಣನವರ ಹೊಟ್ಟೆ ಇಳಿಯಿತು. ಎಪ್ಪತ್ತೆಂಟು ಕಿಲೋ ಇದ್ದವರು ಅರವತ್ತಾರಕ್ಕೆ ಬಂದರು. ಊರಿನವರೆಲ್ಲ ಮೆಚ್ಚಿದರು. ತೋರಿಸಿಕೊಳ್ಳಲು ಹೋದಲ್ಲಿಯೂ ಎತ್ತರಕ್ಕೆ ಇಷ್ಟು ತೂಕವೆಂಬ ಪಟ್ಟಿಯನ್ನು ನೋಡಿ, ಈಗ ಸರಿಯಾದ ತೂಕಕ್ಕೆ ಬಂದಿದ್ದೀರಿ ಎಂದರಂತೆ. ಆ ವರ್ಷದ ಶ್ರಾವಣದಲ್ಲಿ ಧಾರವಾಡದ ಒಂದು ಓಣಿಯಲ್ಲಿ ನನ್ನ ಪ್ರವಚನವಿತ್ತು. ವಿಷಯ ಮಿತಾಹಾರ. ನಾನು ಅಣ್ಣನವರ ಉದಾಹರಣೆಯನ್ನೇ ಕೊಟ್ಟೆ. ಅರವತ್ತೆಂಟರ ವಯಸ್ಸಿನಲ್ಲಿ ನಾಲಗೆಯನ್ನು ಗೆದ್ದು ದೇಹವನ್ನು ಹಗುರ ಮಾಡಿಕೊಂಡವರೊಬ್ಬರು ನಮ್ಮ ಮನೆಯಲ್ಲಿಯೇ ಇದ್ದಾರೆ ಎಂದು ನೂರಾರು ಜನರ ಮುಂದೆ ಹೇಳಿದೆ. ಅಣ್ಣನವರು ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ತಲೆ ತಗ್ಗಿಸಿಕೊಂಡಿದ್ದರು. ಅದನ್ನು ನಾನು ವಿನಯವೆಂದು ತಿಳಿದೆ.

ಹತ್ತು ತಿಂಗಳ ಮೇಲೆ ಆಸ್ಪತ್ರೆಯ ಮಂಚದ ಮೇಲಿಂದ ಅವರು ಹೇಳಿದ್ದು ಬೇರೆ: "ನಾ ಊಟ ಬಿಟ್ಟಿದ್ದಿಲ್ಲೋ ತಮ್ಮಾ. ಹಸಿವಿನ ಆಗತಿದ್ದಿಲ್ಲ. ನೀ ಮಂದಿ ಮುಂದ ಹೊಗಳಿದ ಮ್ಯಾಲ ಹೇಳಾಕ ನಾಚಿಕಿ ಬಂತು."

ಈ ಮಾತು ಇಂದಿಗೂ ನನ್ನ ನಿದ್ದೆಯನ್ನು ಕೆಡಿಸುತ್ತದೆ.

2022ರ ಯುಗಾದಿಯ ಮೇಲೆ ಅವರ ಕಣ್ಣು ಹಳದಿಯಾದವು. ನೋವಿಲ್ಲ, ಜ್ವರವಿಲ್ಲ. ನಮ್ಮ ಕಡೆಗೆ ಅರಿಷಿಣ ಕಾಮಣಿ ಎಂದ ಕೂಡಲೇ ಜನ ಒಂದು ಊರಿನ ಹೆಸರನ್ನು ಹೇಳುತ್ತಾರೆ. ಅಲ್ಲಿ ಸೊಪ್ಪಿನ ರಸ ಕುಡಿಸುತ್ತಾರೆ. ಮೂರು ವಾರ ಹಾಗೆ ಹೋದವು. ಕೊನೆಗೆ ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲಿ ಗಡ್ಡೆ ಕಂಡಿತು. ಅದು ಪಿತ್ತನಾಳವನ್ನು ಒತ್ತಿ ಮುಚ್ಚಿದ್ದರಿಂದ ಕಾಮಣಿ. ವೈದ್ಯರು ಇದನ್ನೇ ಒಂದು ಭಾಗ್ಯವೆಂದರು. ಗಡ್ಡೆ ಬಾಲದ ಕಡೆಗೆ ಇದ್ದಿದ್ದರೆ ನಾಳ ಮುಚ್ಚುತ್ತಿರಲಿಲ್ಲ, ಕಣ್ಣು ಹಳದಿಯಾಗುತ್ತಿರಲಿಲ್ಲ, ಗೊತ್ತಾಗುವ ಹೊತ್ತಿಗೆ ಎಲ್ಲವೂ ಕೈಮೀರುತ್ತಿತ್ತು. ಈ ರೋಗ ಪತ್ತೆಯಾದ ನೂರು ಜನರಲ್ಲಿ ಹದಿನೈದು ಇಪ್ಪತ್ತು ಮಂದಿಗೆ ಮಾತ್ರ ಶಸ್ತ್ರಚಿಕಿತ್ಸೆ ಸಾಧ್ಯವಾಗುವುದಂತೆ. ಅಣ್ಣನವರು ಅವರಲ್ಲಿ ಒಬ್ಬರಾಗಿದ್ದರು. 2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಲಕ್ಷ 10 ಸಾವಿರ ಜನರಿಗೆ ಈ ರೋಗ ಹೊಸದಾಗಿ ಬಂದಿತು, ಅದೇ ವರ್ಷ ಸುಮಾರು 4 ಲಕ್ಷ 67 ಸಾವಿರ ಜನ ಇದರಿಂದ ತೀರಿದರು ಎಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಈ ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಕಿರಿದೆಂಬುದನ್ನು ಓದುಗರು ಗಮನಿಸಬೇಕು.

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಇಬ್ಬರು ತರುಣ ವೈದ್ಯರು ಒಂದು ಕಾಗದವನ್ನು ತಂದರು. ಹೇಗೂ ತೆಗೆದುಹಾಕುವ ಗಡ್ಡೆಯಲ್ಲಿ, ಪರೀಕ್ಷೆಗೆ ಬೇಕಾದುದನ್ನು ಬಿಟ್ಟು ಉಳಿದುದರ ಒಂದು ಚೂರನ್ನು ಸಂಶೋಧನೆಗೆಂದು ಇಟ್ಟುಕೊಳ್ಳಲು ಒಪ್ಪಿಗೆ ಕೇಳುವ ಕಾಗದ. ಹೆಸರು ಹೋಗುವುದಿಲ್ಲ, ಬರಿಯ ಸಂಖ್ಯೆ. ಒಪ್ಪದಿದ್ದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಿಲ್ಲ. ಅಲ್ಲಿದ್ದ ನಮ್ಮ ಸೋದರಮಾವನವರು ತೊಂಬತ್ತರ ಸಮೀಪದವರು. ಅವರು ಕೂಡಲೇ, "ಮಣ್ಣಿಗೆ ಹೋಗೂ ಶರೀರ ಪೂರ್ಣ ಇರಬೇಕು. ತುಣುಕು ಮಾಡಿ ಊರೂರಿಗೆ ಕಳಸೂದು ಏನಿದು?" ಎಂದರು. ಎಲ್ಲರೂ ನನ್ನ ಕಡೆಗೆ ತಿರುಗಿದರು. ಮನೆಯಲ್ಲಿ ಶಾಸ್ತ್ರ ಓದಿದವನು ನಾನು ತಾನೆ! ಸತ್ಯವಾಗಿ ಹೇಳುವುದಾದರೆ ನನಗೆ ಉತ್ತರ ಹೊಳೆಯಲಿಲ್ಲ. ಪದ್ಮಾಸನದಲ್ಲಿ ಕುಳ್ಳಿರಿಸಿ ಕ್ರಿಯಾಸಮಾಧಿ ಮಾಡುವ ನಮ್ಮ ಪದ್ಧತಿಯಲ್ಲಿ ಮಾವನವರ ಸಂಕಟಕ್ಕೆ ಬೇರು ಇದೆ. ಅದನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ನಾನು ಮೌನವಾಗಿರುವಾಗ ಅಣ್ಣನವರೇ ಕೈಚಾಚಿ ಕಾಗದ ತೆಗೆದುಕೊಂಡರು. "ಮಾವಾರ, ಅದು ನನ್ನ ಶರೀರ ಅಲ್ರಿ, ನನ್ನ ಶರೀರ ತಿನ್ನಾಕ ಬಂದದ್ದು. ಹ್ಯಾಂಗೂ ತೆಗದು ಚೆಲ್ಲೂದು. ಯಾರಿಗರ ಉಪಯೋಗ ಬೀಳಲಿ," ಎಂದು ಶಾಲೆಯ ಹಾಜರಿಪುಸ್ತಕದಲ್ಲಿ ಹಾಕುತ್ತಿದ್ದ ಅದೇ ದುಂಡಗಿನ ಸಹಿಯನ್ನು ಹಾಕಿದರು.

ಮರುದಿನ ಒಳಗೆ ಕರೆದೊಯ್ಯುವಾಗ ಕೊರಳಿನ ಕರಡಿಗೆಯನ್ನು ತೆಗೆಯಲು ಹೇಳಿದರು. ದೀಕ್ಷೆಯಾದಂದಿನಿಂದ ಅಂಗದಿಂದ ಅಗಲದ ಲಿಂಗ. ಅಣ್ಣನವರು ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಅಂಗೈಯಲ್ಲಿ ಇಟ್ಟರು. ಏಳು ತಾಸು ನಾನು ಕೈಮುಚ್ಚಿಕೊಂಡು ಕುಳಿತೆ. ಅಮೆರಿಕದ ಅಲೆನ್ ವಿಪ್ಪಲ್ ಎಂಬ ಶಸ್ತ್ರವೈದ್ಯರು 1935ರಲ್ಲಿ ವಿವರಿಸಿದ, ಅವರ ಹೆಸರಿನಿಂದಲೇ ಕರೆಯುವ ದೊಡ್ಡ ಶಸ್ತ್ರಚಿಕಿತ್ಸೆ ಅದು. ಗ್ರಂಥಿಯ ತಲೆ, ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ ಎಲ್ಲವನ್ನೂ ತೆಗೆದು ಉಳಿದುದನ್ನು ಮತ್ತೆ ಜೋಡಿಸುತ್ತಾರೆ. ಅದು ಸುಸೂತ್ರವಾಗಿ ಮುಗಿಯಿತು. ಅಣ್ಣನವರು ಮುಂದೆ ಒಂದೂವರೆ ವರ್ಷ ಬದುಕಿದರು. ಅದರಲ್ಲಿ ಒಂದು ವರ್ಷ ಚೆನ್ನಾಗಿ.

ಆ ಚೂರು ಎಲ್ಲಿಗೆ ಹೋಯಿತು, ಅದರಲ್ಲಿ ಏನನ್ನು ಹುಡುಕುತ್ತಾರೆ ಎಂಬ ಕುತೂಹಲ ನನ್ನನ್ನು ಬಿಡಲಿಲ್ಲ. ಅಣ್ಣನವರ ಮಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನ ಓದಿ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕುರಿತು ಕೆಲಸ ಮಾಡುತ್ತಾಳೆ. ಮೊದಲು ಸ್ತನದ ಕ್ಯಾನ್ಸರಿನ ಮೇಲೆ; ತಂದೆಯ ಕಾಯಿಲೆಯ ನಂತರ ಕೇಳಿಕೊಂಡು ಈ ರೋಗದ ಕಡೆಗೆ ಬಂದಳು. ಅದೇ ಮಳೆಗಾಲದಲ್ಲಿ, ಅಣ್ಣನವರು ಚೇತರಿಸಿಕೊಳ್ಳುತ್ತಿದ್ದಾಗ, ಹಳ್ಳಿಯ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಅವಳನ್ನು ಕೇಳಿದೆ. ಅವಳು ನನ್ನ ಮುಂದಿದ್ದ ಹಸ್ತಪ್ರತಿಯ ಕಟ್ಟನ್ನೇ ತೋರಿಸಿದಳು.

"ಕಾಕಾ, ಮಠದಾಗ ಒಂದು ದೊಡ್ಡ ಗ್ರಂಥ ಐತಿ ಅಂತ ತಿಳೀರಿ. ಅದರ ಪೂರ್ತಿ ಪ್ರತಿ ಪ್ರತಿಯೊಂದು ಕೋಣ್ಯಾಗೂ ಐತಿ. ಆದರ ಅಡಿಗಿ ಮನ್ಯಾಗಿನವರು ಅಡಿಗಿ ಪ್ರಕರಣದ ಹಾಳಿ ಅಷ್ಟ ತಗೀತಾರ. ಪಾಠಶಾಲ್ಯಾಗಿನವರು ವ್ಯಾಕರಣದ ಹಾಳಿ. ಉಳಿದದ್ದು ಮುಚ್ಚೇ ಇರತೈತಿ. ಶರೀರದಾಗೂ ಹಂಗ ರೀ."

ಅವಳ ಮಾತನ್ನು ನನಗೆ ತಿಳಿದಷ್ಟರಮಟ್ಟಿಗೆ ವಿಸ್ತರಿಸುವೆ. ಮನುಷ್ಯನ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಒಂದೇ ಗ್ರಂಥವಿದೆ, ಅದೇ ಡಿಎನ್‌ಎ. ಅದರಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಪ್ರೋಟೀನುಗಳನ್ನು ಕಟ್ಟುವ ಸೂಚನೆಯುಳ್ಳ ಪ್ರಕರಣಗಳು, ಅಂದರೆ ವಂಶವಾಹಿಗಳು, ಸುಮಾರು 20,000. ಕೋಶವು ತನಗೆ ಬೇಕಾದ ಪ್ರಕರಣವನ್ನು ತೆರೆದು, ಆರ್‌ಎನ್‌ಎ ಎಂಬ ತಾತ್ಕಾಲಿಕ ನಕಲನ್ನು ಮಾಡಿಕೊಂಡು, ಆ ನಕಲಿನ ಪ್ರಕಾರ ಪ್ರೋಟೀನನ್ನು ತಯಾರಿಸುತ್ತದೆ. ಯಾವ ಪ್ರಕರಣದಿಂದ ಎಷ್ಟು ನಕಲುಗಳಾದವು ಎಂಬುದೇ ವಂಶವಾಹಿಯ ಅಭಿವ್ಯಕ್ತಿ. ಕಣ್ಣಿನ ಕೋಶವೂ ಕರುಳಿನ ಕೋಶವೂ ಬೇರೆಯಾದದ್ದು ಗ್ರಂಥ ಬೇರೆಯಾದ್ದರಿಂದಲ್ಲ, ತೆರೆದ ಪುಟಗಳು ಬೇರೆಯಾದ್ದರಿಂದ.

ಕ್ಯಾನ್ಸರಿನಲ್ಲಿ ಎರಡೂ ಬಗೆಯ ಕೆಡುಕು ಉಂಟು. ಮೊದಲನೆಯದು ಅಕ್ಷರದೋಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ ಕೆ-ರಾಸ್ ಎಂಬ ಒಂದು ವಂಶವಾಹಿಯಲ್ಲಿ ದೋಷವಿರುತ್ತದೆ. ಅದು ಕೋಶಕ್ಕೆ 'ಬೆಳೆ' ಎಂದು ಆಜ್ಞೆಮಾಡಿ ಸುಮ್ಮನಾಗಬೇಕಾದದ್ದು, ಸುಮ್ಮನಾಗುವುದನ್ನೇ ಮರೆಯುತ್ತದೆ. ಎರಡನೆಯದು, ಪುಟಗಳನ್ನು ತೆರೆಯುವ ಮುಚ್ಚುವ ಕ್ರಮವೇ ಕೆಡುವುದು: ಮುಚ್ಚಿರಬೇಕಾದ ಪ್ರಕರಣದಿಂದ ಸಾವಿರಾರು ನಕಲು, ತೆರೆದಿರಬೇಕಾದದ್ದು ಮೂಲೆಯಲ್ಲಿ ಮೌನ. ಅಣ್ಣನ ಮಗಳ ಕೆಲಸ ಈ ಎರಡನೆಯದರ ಮೇಲೆ. ಆರೋಗ್ಯವಂತ ಗ್ರಂಥಿಯ ನಕಲುಗಳನ್ನೂ ರೋಗದ ಗಡ್ಡೆಯ ನಕಲುಗಳನ್ನೂ ಎಣಿಸಿ ಹೋಲಿಸುವುದು. ಸಾವಿರಾರು ವಂಶವಾಹಿಗಳ ನಕಲುಗಳನ್ನು ಒಮ್ಮೆಗೇ ಅಳೆಯುವ ವಿದ್ಯೆ 1995ರ ಸುಮಾರಿಗೆ ಅಮೆರಿಕದಲ್ಲಿ ರೂಪುಗೊಂಡಿತು; ಇಂದು ಯಂತ್ರಗಳು ಆರ್‌ಎನ್‌ಎಯನ್ನು ಅಕ್ಷರಶಃ ಓದಿಯೇ ಎಣಿಸುತ್ತವೆ.

ಈ ಹೋಲಿಕೆಯಿಂದ ಪ್ರಯೋಜನವೇನೆಂದು ಕೇಳಿದೆ. ಕ್ಯಾನ್ಸರು ಮಾತ್ರ ಅತಿಯಾಗಿ ತಯಾರಿಸುವ ಒಂದು ಪ್ರೋಟೀನು ಸಿಕ್ಕರೆ, ಅದು ರಕ್ತದಲ್ಲಿ ಜಿನುಗುವಂಥದಾದರೆ, ಹಳದಿ ಕಣ್ಣಿಗಾಗಿ ಕಾಯದೆ ಒಂದು ಹನಿ ರಕ್ತದಿಂದಲೇ ರೋಗವನ್ನು ಮೊದಲೇ ಹಿಡಿಯಬಹುದು. ಸಿಎ 19-9 ಎಂಬ ಒಂದು ಗುರುತು ಈಗಾಗಲೇ ಬಳಕೆಯಲ್ಲಿದೆ. ಆದರೆ ಬರಿಯ ಕಾಮಣಿಯಲ್ಲಿಯೂ ಅದು ಏರುತ್ತದೆ, ಕೆಲವರ ಶರೀರ ಅದನ್ನು ತಯಾರಿಸುವುದೇ ಇಲ್ಲ. ಆದ್ದರಿಂದ ಚಿಕಿತ್ಸೆಯ ಗತಿಯನ್ನು ನೋಡಲು ಅದು ಸರಿ, ಊರಿಗೆ ಊರನ್ನೇ ಪರೀಕ್ಷಿಸಲು ಸಾಲದು.

ಈ ಹುಡುಕಾಟದಲ್ಲಿ ನಮ್ಮ ಬೆಂಗಳೂರಿನ ಪಾಲು ಚಿಕ್ಕದಲ್ಲವೆಂಬುದು ನನಗೆ ಅವಳಿಂದಲೇ ತಿಳಿದದ್ದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಅಖಿಲೇಶ್ ಪಾಂಡೆಯವರು 2002ರಲ್ಲಿ ಬೆಂಗಳೂರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಯ ಎಚ್. ಸಿ. ಹರ್ಷ ಮತ್ತು ಸಂಗಡಿಗರು, ಅಮೆರಿಕದ ವೈದ್ಯವಿಜ್ಞಾನಿಗಳೊಡಗೂಡಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಯಾವ ಯಾವ ವಂಶವಾಹಿ ಹೆಚ್ಚಾಗಿ ಅಭಿವ್ಯಕ್ತವಾಗಿದೆಯೆಂದು ಜಗತ್ತಿನ ನಾನಾ ಕಡೆ ಅಚ್ಚಾಗಿದ್ದ ಲೇಖನಗಳನ್ನೆಲ್ಲ ಒಂದೊಂದಾಗಿ ಓದಿ, 2009ರಲ್ಲಿ ಒಂದು ಸಂಕಲನವನ್ನು ಪ್ರಕಟಿಸಿದರು. ಅದರಲ್ಲಿ 2,516 ವಂಶವಾಹಿಗಳು. ಇದನ್ನು ಕೇಳಿದಾಗ ನನಗೆ ನಮ್ಮ ಫ. ಗು. ಹಳಕಟ್ಟಿಯವರ ನೆನಪಾಯಿತು. 1880ರಲ್ಲಿ ಇದೇ ಧಾರವಾಡದಲ್ಲಿ ಹುಟ್ಟಿದ ಆ ಪುಣ್ಯಪುರುಷರು ಮನೆಮನೆಯ ಜಗಲಿಯ ಮೇಲೆ ಧೂಳು ತಿನ್ನುತ್ತಿದ್ದ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಓದಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತರದಿದ್ದರೆ ನಮ್ಮ ಪೀಳಿಗೆಯ ಗತಿಯೇನಾಗುತ್ತಿತ್ತು! ಚದುರಿದ್ದನ್ನು ಒಂದೆಡೆ ತರುವ ಕೆಲಸಕ್ಕೆ ಹೊಗಳಿಕೆ ಕಡಿಮೆ, ಬೆವರು ಹೆಚ್ಚು. ಅದು ಎರಡೂ ಕಡೆ ಒಂದೇ.

ಆದರೆ ಅಣ್ಣನ ಮಗಳು ನನ್ನ ಉತ್ಸಾಹಕ್ಕೆ ತುಸು ತಣ್ಣೀರು ಎರಚಿದಳು. 2,516 ಎಂಬುದು ಉತ್ತರವಲ್ಲ ಕಾಕಾ, ಅದು ಪ್ರಶ್ನೆ ಎಂದಳು. ಅಷ್ಟರಲ್ಲಿ ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡವು ಒಂದು ಸಣ್ಣ ಪಾಲು. ಮಿಕ್ಕವುಗಳಲ್ಲಿ ಎಷ್ಟು ನಿಜವಾಗಿ ಕ್ಯಾನ್ಸರಿನವು, ಎಷ್ಟು ಹೋಲಿಕೆಯ ದೋಷದಿಂದ ಬಂದವು?

ಹೋಲಿಕೆಯ ದೋಷ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ನೆಟ್ಟಗೆ ಕುಳಿತೆ. ಅದು ನನ್ನ ಕಸಬಿನ ಮಾತು. ನಾಲ್ಕು ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರ ಗುರುತಿಸುವವನಿಗೆ ಯಾವ ಪ್ರತಿಯನ್ನು ಆಧಾರವಾಗಿ ಇಟ್ಟುಕೊಳ್ಳಬೇಕೆಂಬುದೇ ಮೊದಲ ಸಂಕಟ. ಆಧಾರಪ್ರತಿ ತಪ್ಪಿದರೆ ಅಡಿಟಿಪ್ಪಣಿಗಳೆಲ್ಲ ತಪ್ಪು. ತರುಣನಾಗಿದ್ದಾಗ ನಾನೇ ಒಂದು ಪುರಾಣದ ಸಂಪಾದನೆಯಲ್ಲಿ ಎಂಟು ತಿಂಗಳು ಹೀಗೆ ಕಳೆದುಕೊಂಡಿದ್ದೆ; ಕಟ್ಟಿನ ಮಧ್ಯದ ಹತ್ತು ಗರಿಗಳು ಬೇರೊಂದು ಗ್ರಂಥದವೆಂದು ನನ್ನ ಗುರುಗಳು ತೋರಿಸಿಕೊಟ್ಟಾಗ ಬರೆದದ್ದನ್ನೆಲ್ಲ ಹರಿದೆ.

ಈ ಗ್ರಂಥಿಯಲ್ಲಿ ಆ ಸಂಕಟ ವಿಚಿತ್ರವಾಗಿದೆ. ಗೇಣಿಗಿಂತ ಕಡಿಮೆ ಉದ್ದದ, ಜಠರದ ಹಿಂದೆ ಅಡಗಿರುವ ಈ ಅಂಗದಲ್ಲಿ ಮೂರು ಮುಖ್ಯ ಬಗೆಯ ಕೋಶಗಳು. ಅನ್ನವನ್ನು ಅರಗಿಸುವ ರಸವನ್ನು ತಯಾರಿಸುವ ಕೋಶಗಳೇ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು. ಆ ರಸವನ್ನು ಒಯ್ಯುವ ಸಣ್ಣ ನಾಳಗಳ ಗೋಡೆಯ ಕೋಶಗಳು ತೀರ ಸ್ವಲ್ಪ. ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ನಿನ ನಡುಗಡ್ಡೆಗಳು ಒಂದೆರಡು ಪಾಲು. ಅವನ್ನು 1869ರಲ್ಲಿ ಮೊದಲು ಗುರುತಿಸಿದವನು ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನ್ ತರುಣ. ಅಣ್ಣನವರಿಗೆ ಬಂದಂಥ ಕ್ಯಾನ್ಸರಿನ ಕೋಶಗಳು ನಾಳದ ಕೋಶಗಳನ್ನು ಹೋಲುತ್ತವೆ. ಈಗ ಆರೋಗ್ಯವಂತ ಗ್ರಂಥಿಯ ಒಂದು ತುಣುಕನ್ನೂ ಗಡ್ಡೆಯ ಒಂದು ತುಣುಕನ್ನೂ ಅರೆದು ಹೋಲಿಸಿದರೆ ಏನಾಗುವುದು? ಒಂದು ಕಡೆ ಬಹುಪಾಲು ರಸದ ಕೋಶ, ಇನ್ನೊಂದು ಕಡೆ ನಾಳದ ಕೋಶ. ಸಾವಿರ ವ್ಯತ್ಯಾಸಗಳು ಕಾಣುತ್ತವೆ. ಆದರೆ ಅವುಗಳಲ್ಲಿ ಬಹಳಷ್ಟು ರೋಗಕ್ಕೂ ಆರೋಗ್ಯಕ್ಕೂ ನಡುವಿನ ವ್ಯತ್ಯಾಸವಲ್ಲ, ಅಡಿಗೆಯವನಿಗೂ ನೀರುಗಂಟಿಗೂ ನಡುವಿನ ವ್ಯತ್ಯಾಸ!

ಇಷ್ಟೇ ಅಲ್ಲ. ಈ ಗಡ್ಡೆಯಲ್ಲಿ ಕ್ಯಾನ್ಸರಿನ ಕೋಶಗಳೇ ಅನೇಕ ವೇಳೆ ಅಲ್ಪಸಂಖ್ಯಾತ. ಸುತ್ತ ದಪ್ಪನೆಯ ನಾರಿನ ಕೋಟೆ, ಉರಿಯೂತದ ಕೋಶಗಳು. ಕಣ್ಣುಮುಚ್ಚಿ ಅರೆದರೆ ಕೋಟೆಯ ಮಾತೇ ಕಳ್ಳನ ಮಾತೆಂದು ಕೇಳಿಸುತ್ತದೆ. ರೋಗಿಯದೇ ಗ್ರಂಥಿಯ ಪಕ್ಕದ ಭಾಗವನ್ನು 'ಆರೋಗ್ಯವಂತ'ವೆಂದು ತೆಗೆದುಕೊಳ್ಳೋಣವೆಂದರೆ, ಗಡ್ಡೆ ನಾಳವನ್ನು ಒತ್ತಿದ್ದರಿಂದ ಅದೂ ಊದಿಕೊಂಡಿರುತ್ತದೆ. ಕ್ಯಾನ್ಸರಿಲ್ಲದ ಬರಿಯ ದೀರ್ಘಕಾಲದ ಉರಿಯೂತದಲ್ಲಿಯೂ ಇದೇ ವಂಶವಾಹಿಗಳಲ್ಲಿ ಹಲವು ಗದ್ದಲವೆಬ್ಬಿಸುತ್ತವೆ. ನಮ್ಮ ದಕ್ಷಿಣದೇಶದಲ್ಲಿ ಇದಕ್ಕೆ ಇನ್ನೊಂದು ತೊಡಕು: ಗ್ರಂಥಿಯಲ್ಲಿ ಕಲ್ಲುಕಟ್ಟುವ ಒಂದು ಬಗೆಯ ಉರಿಯೂತವನ್ನು ಕೇರಳದ ಡಾ. ಗೀವರ್ಗೀಸ್ ಅವರು ದಶಕಗಳ ಹಿಂದೆಯೇ ನೂರಾರು ರೋಗಿಗಳಲ್ಲಿ ಕಂಡು ಬರೆದರು. ಅಂಥವರಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚೆಂದು 1994ರಲ್ಲಿ ಡಾ. ಸುರೇಶ ಚಾರಿ, ಚೆನ್ನೈಯ ಡಾ. ವಿ. ಮೋಹನ್ ಮುಂತಾದವರು ತೋರಿಸಿದರು. ಆದ್ದರಿಂದ ಆರೋಗ್ಯ, ಉರಿಯೂತ, ಕ್ಯಾನ್ಸರ್ ಈ ಮೂರನ್ನೂ ಬೇರೆ ಬೇರೆಯಾಗಿಟ್ಟು, ಕೋಶಕೋಶವನ್ನೂ ಬಿಡಿಸಿ ಹೋಲಿಸಬೇಕು. ಈಚಿನ ವರ್ಷಗಳಲ್ಲಿ ಒಂದೊಂದೇ ಕೋಶದ ಆರ್‌ಎನ್‌ಎಯನ್ನು ಓದುವ ವಿದ್ಯೆಯೂ ಬಂದಿದೆಯಂತೆ.

ಅಮೆರಿಕದ ಸರಕಾರ ನಡೆಸಿದ ಕ್ಯಾನ್ಸರ್ ವಂಶವಾಹಿ ನಕ್ಷೆಯ ಯೋಜನೆಯಲ್ಲಿ ಈ ರೋಗದ 180ಕ್ಕೂ ಮಿಕ್ಕಿದ ಮಾದರಿಗಳಿವೆ. ಜಗತ್ತಿನ ಯಾರು ಬೇಕಾದರೂ ಆ ಅಂಕಿಅಂಶಗಳನ್ನು ತೆಗೆದುಕೊಂಡು ಅಧ್ಯಯನ ಮಾಡಬಹುದು. ಅವಳೂ ಆರಂಭಿಸಿದ್ದು ಅದರಿಂದಲೇ. ಆದರೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಮತ್ತೆ ನೋಡಿದಾಗ ನಿಜವಾಗಿ ಈ ಬಗೆಯ ಕ್ಯಾನ್ಸರೆಂದು ಖಚಿತವಾದವು 150. ಉಳಿದವುಗಳಲ್ಲಿ ಬೇರೆ ಜಾತಿಯ ಗಡ್ಡೆಗಳೂ ಸೇರಿದ್ದವು. ಅದನ್ನು ನೋಡದೆ ಎಲ್ಲವನ್ನೂ ಒಟ್ಟಿಗೆ ಲೆಕ್ಕಹಾಕಿ ಬರೆದ ಲೇಖನಗಳು ಎಷ್ಟೋ. ನನ್ನ ಹತ್ತು ಗರಿಗಳ ಕಥೆಯೇ! ಇನ್ನು ಆ ಸಂಗ್ರಹದಲ್ಲಿ ಹೋಲಿಕೆಗೆಂದು ಇದ್ದ, ಕ್ಯಾನ್ಸರಿಲ್ಲದ ಮಾದರಿಗಳು ಕೇವಲ 4. ನಾಲ್ಕು ಪ್ರತಿಗಳಿಂದ ಒಂದು ಕಾವ್ಯವನ್ನು ಸಂಪಾದಿಸಬಹುದು. ಮನುಷ್ಯಕುಲದ ಆರೋಗ್ಯವೆಂದರೇನೆಂದು ನಿರ್ಣಯಿಸಲಾದೀತೆ? ಅದೂ ದೂರದೇಶದ ನಾಲ್ವರಿಂದ? ನಮ್ಮ ಅನ್ನ, ನಮ್ಮ ನೀರು, ನಮ್ಮ ವಂಶದ ಗ್ರಂಥಿಗಳು ಆ ಕಟ್ಟಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಸೋದರಮಾವನವರ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರದ ಒಂದು ಭಾಗ ನನಗೆ ಇಲ್ಲಿ ದೊರಕಿತು.

2014ರಲ್ಲಿ ಬೆಂಗಳೂರಿನ ಅದೇ ಸಂಸ್ಥೆ ಮತ್ತು ಜಾನ್ಸ್ ಹಾಪ್ಕಿನ್ಸ್ ಕೂಡಿ ಮಾನವ ಪ್ರೋಟೀನುಗಳ ಒಂದು ಕರಡು ನಕ್ಷೆಯನ್ನು ಪ್ರಕಟಿಸಿದುದನ್ನೂ ಇಲ್ಲಿ ಹೇಳಬೇಕು. ಮೇದೋಜೀರಕ ಗ್ರಂಥಿಯೂ ಸೇರಿ ಆರೋಗ್ಯವಂತರ 30 ಬಗೆಯ ಅಂಗಾಂಶ ಮತ್ತು ಕೋಶಗಳನ್ನು ಪರೀಕ್ಷಿಸಿ, 17,294 ವಂಶವಾಹಿಗಳ ಪ್ರೋಟೀನುಗಳನ್ನು ಗುರುತಿಸಿದರು. ರೋಗವನ್ನು ಹುಡುಕುವ ಮೊದಲು ಆಧಾರಪ್ರತಿಯನ್ನು ಸಿದ್ಧಪಡಿಸುವ ಪ್ರಯತ್ನವೆಂದು ನನ್ನಂಥವನು ಅದನ್ನು ಅರ್ಥಮಾಡಿಕೊಳ್ಳುತ್ತೇನೆ.

ಅವಳು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಆರ್‌ಎನ್‌ಎಯನ್ನು ಕತ್ತರಿಸಿಹಾಕುವ ಒಂದು ರಸವಿದೆ, ರೈಬೊನ್ಯೂಕ್ಲಿಯೇಸ್. ಅದು ಅತಿ ಸಮೃದ್ಧವಾಗಿ ಇರುವುದು ಇದೇ ಗ್ರಂಥಿಯಲ್ಲಿ. ದನದ ಮೇದೋಜೀರಕ ಗ್ರಂಥಿಯಿಂದಲೇ ಅದನ್ನು 1940ರಲ್ಲಿ ಶುದ್ಧ ಹರಳಾಗಿ ಬೇರ್ಪಡಿಸಿದರು. ಅದರ ರಚನೆಯ ಅಧ್ಯಯನಕ್ಕೆ 1972ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ತಿಂದ ಅನ್ನದಲ್ಲಿರುವ ಆರ್‌ಎನ್‌ಎಯನ್ನು ಅರಗಿಸಲೆಂದು ಇರುವ ರಸ. ಆದರೆ ಗ್ರಂಥಿಯ ತುಣುಕನ್ನು ಶರೀರದಿಂದ ಬೇರ್ಪಡಿಸಿದ ಕೂಡಲೇ ಅದು ತನ್ನ ಮನೆಯ ಬರಹವನ್ನೇ ತಿನ್ನತೊಡಗುತ್ತದೆ. ಕೆಲವು ನಿಮಿಷ ತಡವಾದರೆ ಓದಲು ಏನೂ ಉಳಿಯದು. ಗೆದ್ದಲುಗಳು ತಾವೇ ಓಲೆಗರಿಗಳನ್ನು ಬರೆದು ಇಟ್ಟುಕೊಂಡಂತೆ! ಅದಕ್ಕಾಗಿ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿಯೇ ಒಬ್ಬ ಹುಡುಗನೋ ಹುಡುಗಿಯೋ ದ್ರವರೂಪದ ಸಾರಜನಕದ ಪಾತ್ರೆಯನ್ನು ಹಿಡಿದು ಕಾಯುತ್ತಿರುತ್ತಾರೆ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಆ ಚಳಿಯಲ್ಲಿ ಅದ್ದಿದರೆ ಗೆದ್ದಲು ನಿಲ್ಲುತ್ತದೆ. ಅಂದು ನಾನು ಲಿಂಗವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕುಳಿತಿದ್ದಾಗ, ಬಾಗಿಲ ಬಳಿ ಹೊಗೆಯಾಡುವ ಡಬ್ಬಿ ಹಿಡಿದು ನಿಂತಿದ್ದ ಒಬ್ಬ ತರುಣಿಯನ್ನು ಕಂಡಿದ್ದೆ. ಊಟಕ್ಕೂ ಹೋಗದೆ ಅವಳು ಏಕೆ ನಿಂತಿದ್ದಳೆಂಬುದು ಆಗ ತಿಳಿದಿರಲಿಲ್ಲ.

"ನಮ್ಮಪ್ಪಾಜಿದು ಯಾವ ಲ್ಯಾಬಿಗೆ ಹೋಗೇತಿ ನನಗ ಗೊತ್ತಿಲ್ಲ, ಗೊತ್ತಾಗಬಾರದು," ಎಂದಳು. "ಎಷ್ಟೋ ಸ್ಯಾಂಪಲ್ ಎಷ್ಟು ಜೋಪಾನ ಮಾಡಿದರೂ ಓದಾಕ ಬರದಂಗ ಆಗಿರತಾವ. ತಗದ ಒಗೀತೇವಿ. ಹಂಗ ಒಗಿಯೂ ದಿವಸ ಕೈ ನಡಗತೈತಿ ಕಾಕಾ."

ಆಮೇಲೆ ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ತಾನೇ ಆ ವಿಷಯವನ್ನು ಎತ್ತಿದಳು. 2021ರ ದೀಪಾವಳಿಗೆ ಅವಳು ಊರಿಗೆ ಬಂದಿದ್ದಳು. ತಂದೆ ತೆಳ್ಳಗಾದುದನ್ನು ಕಂಡು ಸಂತೋಷಪಟ್ಟಿದ್ದಳು. ಐವತ್ತು ದಾಟಿದವರಿಗೆ ಹೊಸದಾಗಿ ಸಕ್ಕರೆ ಕಾಣಿಸಿಕೊಂಡರೆ, ಅಂಥ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಮೂರು ವರ್ಷಗಳ ಒಳಗೆ ಈ ಕ್ಯಾನ್ಸರ್ ಪತ್ತೆಯಾಗುತ್ತದೆಂದು ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಅದೇ ಡಾ. ಸುರೇಶ ಚಾರಿಯವರು ಸಂಗಡಿಗರೊಂದಿಗೆ 2005ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಅಂಥವರಲ್ಲಿ ಸಕ್ಕರೆ ಬಂದು ಕ್ಯಾನ್ಸರ್ ಆಗುವುದಕ್ಕಿಂತ, ಕ್ಯಾನ್ಸರೇ ಒಳಗೆ ಕುಳಿತು ಸಕ್ಕರೆಯನ್ನು ತರುತ್ತದೆ. ಜೊತೆಗೆ ತೂಕವೂ ಇಳಿಯುತ್ತ ಹೋದರೆ ಸಂಶಯ ಬಲವಾಗುತ್ತದೆ. ಸಾಮಾನ್ಯವಾದ ಸಕ್ಕರೆ ಕಾಯಿಲೆ ಮೈ ಬೆಳೆದವರಲ್ಲಿ ಬರುವುದೇ ಹೆಚ್ಚು. ಇದು ಅವಳು ಓದಬಹುದಾಗಿದ್ದ ಲೇಖನ. ಓದಿರಲಿಲ್ಲ, ಆಗ ಅವಳ ವಿಷಯ ಬೇರೆಯಾಗಿತ್ತು.

ಅವಳನ್ನು ಸಮಾಧಾನಪಡಿಸುವ ಯೋಗ್ಯತೆ ನನಗಿರಲಿಲ್ಲ. ಪಟ್ಟಿಯೊಡನೆ ಹೋಲಿಸಿದಾಗ ಅಣ್ಣನವರ ಅರವತ್ತಾರು ಕಿಲೋ ತೂಕ ಸರಿಯಾದದ್ದೇ. ಓಣಿಯ ಸಕ್ಕರೆ ರೋಗಿಗಳೊಡನೆ ಹೋಲಿಸಿದಾಗ ಅವರು ಆದರ್ಶ. ಹಿಂದಿನ ವರ್ಷದ ಅಣ್ಣನವರೊಡನೆ ಅವರನ್ನು ನಾವು ಯಾರೂ ಹೋಲಿಸಲಿಲ್ಲ. ಅವರು ತೀರಿಕೊಂಡ ಮೇಲೆ ಅಣ್ಣನ ಮಗ ತಂದೆಯ ಚರ್ಮದ ಬೆಲ್ಟನ್ನು ತೆಗೆದು ತೋರಿಸಿದ. ಅಂಗಡಿಯವನು ಹಾಕಿದ ಐದು ತೂತುಗಳ ಈಚೆಗೆ ಮೊಳೆ ಕಾಸಿ ಹಾಕಿದ ಮೂರು ತೂತುಗಳಿದ್ದವು, ಬೆರಳಿನ ಅಂತರಕ್ಕೊಂದು. ಯಾರಿಗೂ ಹೇಳದೆ ಅವರೇ ಹಾಕಿಕೊಂಡದ್ದು. ಐವತ್ತು ವರ್ಷ ಪ್ರತಿಗಳನ್ನು ಹೋಲಿಸಿದವನ ಕಣ್ಣೆದುರಿಗೇ ಆ ಬರಹವಿತ್ತು.

ಸಕ್ಕರೆ ಬಂದವರೆಲ್ಲ ಸ್ಕ್ಯಾನಿಗೆ ಓಡಬೇಕೆಂದು ನಾನು ಹೇಳಲಾರೆ, ಅವಳೂ ಹೇಳುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಮಂದಿಗೆ ಅಲ್ಲಿ ಏನೂ ಇರುವುದಿಲ್ಲ. ಆ ಒಬ್ಬನನ್ನು ಒಂದು ಹನಿ ರಕ್ತದಿಂದ ಬೇರ್ಪಡಿಸುವ ಗುರುತು ಸಿಗಲೆಂದೇ ಈ ಎಲ್ಲ ಎಣಿಕೆ. ಅಲ್ಲಿಯವರೆಗೆ, ವಯಸ್ಸು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಬಂದು, ಪ್ರಯತ್ನವಿಲ್ಲದೆ ತೂಕ ಇಳಿಯುತ್ತ, ಹಸಿವು ಕುಂದಿದ್ದರೆ ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಕಣ್ಣು ಹಳದಿಯಾದರೆ ಸೊಪ್ಪಿನ ರಸಕ್ಕೆ ಮೊದಲು ಸ್ಕ್ಯಾನ್. ಮಿತಾಹಾರದ ಮೇಲೆ ಪ್ರವಚನ ಮಾಡುವುದನ್ನು ನಾನು ಬಿಟ್ಟಿಲ್ಲ. ಆದರೆ ಬದುಕಿರುವವರ ಉದಾಹರಣೆ ಕೊಡುವುದನ್ನು ಬಿಟ್ಟಿದ್ದೇನೆ.

ಕಳೆದ ಚಳಿಗಾಲದಲ್ಲಿ ನವಲಗುಂದದಿಂದ ತಂಗಿ ಫೋನು ಮಾಡಿದಳು. ಅವಳ ಯಜಮಾನರಿಗೆ ಅರವತ್ತೊಂದು. ಹೊಸದಾಗಿ ಸಕ್ಕರೆ ಬಂದಿದೆಯಂತೆ. ನಾನು ತೂಕ ಕೇಳಿದೆ. ಹೋದ ವರ್ಷದ ತೂಕ ಕೇಳಿದೆ. ಪ್ಯಾಂಟು ಸಡಿಲಾಗಿದೆಯೇ ಎಂದು ಕೇಳಿದೆ. ಏಳೆಂಟು ಕಿಲೋ ಇಳಿದಿರಬಹುದು ಎಂದಳು. ನಾನು ಹಟ ಹಿಡಿದು ಹುಬ್ಬಳ್ಳಿಗೆ ಕಳುಹಿಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಫೋನು ಬಂತು.

"ಅಣ್ಣಾ, ಏನೂ ಇಲ್ಲಂತ. ಎಲ್ಲಾ ಚೊಲೋ ಐತಂತ. ಆರು ಸಾವಿರ ರೂಪಾಯಿ ಸುಮ್ಮನ ಹೋತು ಅಂತ ಇವರು ನಿನಗ ಬೈಯಾಕತ್ತಾರ ನೋಡು."

ಬೈಯಲಿ ಬಿಡು ಎಂದೆ.